ಹೈದರಾಬಾದ್ ರಾಜ್ಯದ ಕಾಲ್ಚೆಂಡಿನ ಮೇಷ್ಟ್ರು ಸೈಯದ್ ಅಬ್ದುಲ್ ರಹೀಂ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭಾರತದ ಭೂಪಟದಿಂದ ಮರೆಯಾಯಿತು. ರಾಯಚೂರು, ಗುಲ್ಬರ್ಗ, ಬೀದರ್ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ರಾಯಚೂರು ಜಿಲ್ಲೆಯದೇ ಆಗಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು. ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳು ಕನ್ನಡನಾಡಿಗೆ ಬಂದವು. ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯೂ ಅದರ ಜೊತೆಗೇ ಬಂತು. ಅದಾದ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಭಾರತದ ಫುಟ್‌ಬಾಲ್ ತಂಡ ದೂರದ ಮೆಲ್ಬರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2 ಗೋಲುಗಳಿಂದ ಮಣಿಸಿ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿತು. ಏಷ್ಯಾದ ಯಾವ ದೇಶವೂ ಅಲ್ಲಿಯವರೆಗೆ ಆ ಹಂತ ಕಂಡಿರಲಿಲ್ಲ. ಆ ತಂಡವನ್ನು ಕಟ್ಟಿದವರು ಕಣ್ಮರೆಯಾದ ಅದೇ ಹೈದರಾಬಾದ್ ರಾಜ್ಯದ ಒಬ್ಬ ಶಾಲಾ ಶಿಕ್ಷಕರು. ಅವರೇ ಸೈಯದ್ ಅಬ್ದುಲ್ ರಹೀಂ.

ಕಲ್ಯಾಣ ಕರ್ನಾಟಕದ ಚರಿತ್ರೆಯನ್ನು ಬರೆಯುವವರು ನಿಜಾಮರ ಆಳ್ವಿಕೆಯನ್ನು, ರಜಾಕಾರರ ಹಾವಳಿಯನ್ನು, 1948ರ ಸೆಪ್ಟೆಂಬರ್ 17ರ ವಿಮೋಚನೆಯನ್ನು, ತುಂಗಭದ್ರಾ ಎಡದಂಡೆ ಕಾಲುವೆಯನ್ನು ತಪ್ಪದೆ ನೆನೆಯುತ್ತಾರೆ. ವಿಮೋಚನೆಗೂ ಏಕೀಕರಣಕ್ಕೂ ನಡುವಿನ ಎಂಟು ವರ್ಷಗಳಲ್ಲಿ ಈ ಜಿಲ್ಲೆಗಳನ್ನು ಒಳಗೊಂಡಿದ್ದ ರಾಜ್ಯದ ರಾಜಧಾನಿಯೇ ದೇಶದ ಕಾಲ್ಚೆಂಡಾಟದ ರಾಜಧಾನಿಯೂ ಆಗಿತ್ತೆಂಬುದನ್ನು ನೆನೆಯುವವರು ಕಡಿಮೆ. ರಹೀಂ ಅವರ ಹೆಸರು ಬೆಂಗಳೂರಿಗೆ ಪರವೂರಿನ ಹೆಸರಾಗಿ ಕೇಳಿಸಬಹುದು. ಸಿಂಧನೂರು, ಲಿಂಗಸುಗೂರುಗಳ ಹಿರಿಯರ ಪಾಲಿಗೆ ಅವರು ಒಂದು ಕಾಲಕ್ಕೆ ಸ್ವಂತ ರಾಜ್ಯದವರೇ ಆಗಿದ್ದರು.

ಈ ಆಟ ಭಾರತಕ್ಕೆ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಯಲ್ಲಿ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಸಂಸ್ಥೆ ಸ್ಥಾಪನೆಯಾಗಿ ನಿಯಮಗಳು ಒಂದು ರೂಪ ಪಡೆದವು. ಆಮೇಲೆ ಒಂದು ತಲೆಮಾರು ಕಳೆಯುವುದರೊಳಗೆ ಆಟ ಇಲ್ಲಿನ ದಂಡುಪ್ರದೇಶಗಳಲ್ಲಿ ಬೇರೂರಿತು. 1888ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್, 1893ರಲ್ಲಿ ಕಲ್ಕತ್ತೆಯಲ್ಲಿ ಐಎಫ್‌ಎ ಷೀಲ್ಡ್ ಆರಂಭವಾದವು. ಮೊದಮೊದಲು ಇವೆಲ್ಲ ಗೋರಾ ಪಲ್ಟನ್‌ಗಳ ಪಂದ್ಯಗಳು. 1911ರಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಷೀಲ್ಡ್ ಗೆದ್ದಾಗ ಅದು ಕೇವಲ ಆಟದ ಸುದ್ದಿಯಾಗಿ ಉಳಿಯಲಿಲ್ಲ. ದಕ್ಷಿಣದಲ್ಲಿ ಆಟದ ನೆಲೆಗಳು ಬೆಂಗಳೂರು ದಂಡು ಮತ್ತು ಸಿಕಂದರಾಬಾದ್ ದಂಡು. ಮುಂಬಯಿಯ ರೋವರ್ಸ್ ಕಪ್ಪನ್ನು ಗೋರಾ ಸೈನಿಕರಿಂದ ಮೊದಲು ಕಸಿದುಕೊಂಡವರು ಬೆಂಗಳೂರು ಮುಸ್ಲಿಮ್ಸ್ ತಂಡದವರು. 1937ರಲ್ಲಿ ಗೆದ್ದರು, 1938ರಲ್ಲಿ ಮತ್ತೆ ಗೆದ್ದರು. ಲಿಂಗಸುಗೂರು ಕೂಡ ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿಯೇ. 1905ರವರೆಗೆ ಅದೊಂದು ಜಿಲ್ಲಾ ಕೇಂದ್ರವೂ ಆಗಿತ್ತು. ಛಾವಣಿ ಹೋಯಿತು, ಜಿಲ್ಲೆಯೂ ಹೋಗಿ ರಾಯಚೂರಿನಲ್ಲಿ ಸೇರಿತು. ಆಡಳಿತ, ವಿದ್ಯೆ, ಆಟ ಎಲ್ಲದಕ್ಕೂ ಆ ಸೀಮೆಯ ಜನ ಹೈದರಾಬಾದಿನ ಕಡೆಗೇ ಮುಖ ಮಾಡಬೇಕಾಯಿತು.

ರಹೀಂ ಹುಟ್ಟಿದ್ದು ಆ ನಗರದಲ್ಲಿ, 1909ರ ಆಗಸ್ಟ್ 17ರಂದು. ಕಾಲ್ಚೆಂಡಿನ ಗೀಳು ಎಳವೆಯಲ್ಲೇ ಹತ್ತಿತು. ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ನೀಡುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಿ.ಎ. ಪದವಿ ಪಡೆದರು, ವಿಶ್ವವಿದ್ಯಾಲಯದ ತಂಡಕ್ಕೂ ಆಡಿದರು. ಬಳಿಕ ನಗರದ ಕ್ಲಬ್‌ಗಳಲ್ಲಿ ಹೆಸರು ಮಾಡಿದರು. ಹೊಟ್ಟೆಪಾಡಿಗೆ ಹಿಡಿದದ್ದು ಶಿಕ್ಷಕ ವೃತ್ತಿ. ಕಾಚಿಗುಡ, ದಾರುಲ್ ಉಲೂಮ್, ಚಾದರ್‌ಘಾಟ್ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದ ಮೇಲೆ ಶಾಲೆಯ ಆಟೋಟಗಳ ಹೊಣೆಯೂ ಅವರ ಹೆಗಲೇರಿತು. ಆಟಗಾರನಾಗಿ ಅವರ ಸಾಧನೆ ಹೈದರಾಬಾದಿನ ಎಲ್ಲೆ ದಾಟಿ ದೊಡ್ಡದಾಗಿ ಬೆಳೆಯಲಿಲ್ಲ. ಅವರ ನಿಜವಾದ ಪ್ರತಿಭೆ ಇದ್ದುದು ಕಲಿಸುವುದರಲ್ಲಿ. ಅದು ತರಗತಿಯಲ್ಲಿ ಪಳಗಿದ ಪ್ರತಿಭೆ.

1940ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಅದೇ ಹೊತ್ತಿಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡ ತಲೆಯೆತ್ತುತ್ತಿತ್ತು. ಆ ತಂಡಕ್ಕೆ ಮೊದಲ ದೊಡ್ಡ ಹೆಸರು ತಂದದ್ದು ಬೆಂಗಳೂರಿನ ಮೈದಾನ. 1943ರಲ್ಲಿ ಅಲ್ಲಿ ನಡೆದ ಆಶ್ ಗೋಲ್ಡ್ ಕಪ್ ಪಂದ್ಯಾವಳಿಯಲ್ಲಿ ಅದು ರಾಯಲ್ ಏರ್ ಫೋರ್ಸ್ ತಂಡವನ್ನು ಸೋಲಿಸಿತು. ಎದುರಾಳಿ ತಂಡದಲ್ಲಿದ್ದವರು ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್. ಕ್ರಿಕೆಟ್ಟಿನಲ್ಲಿ ಜಗತ್ಪ್ರಸಿದ್ಧರಾದ ಕಾಂಪ್ಟನ್ ಕಾಲ್ಚೆಂಡಿನಲ್ಲೂ ಆರ್ಸೆನಲ್ ಕ್ಲಬ್ಬಿನ ಆಟಗಾರ ಎಂಬುದನ್ನು ಇಂದಿನ ಓದುಗರು ಮರೆತಿರಬಹುದು.

1950ರಲ್ಲಿ ರಹೀಂ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಅಲ್ಲಿಂದ ಆರಂಭವಾದ ಗೆಲುವಿನ ಸರಣಿಗೆ ದೇಶದ ಕ್ಲಬ್ ಫುಟ್‌ಬಾಲಿನಲ್ಲಿ ಹೋಲಿಕೆ ಸಿಗುವುದು ಕಷ್ಟ. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಹೈದರಾಬಾದಿಗೆ ಬಂತು. 1950 ಮತ್ತು 1954ರಲ್ಲಿ ಡ್ಯುರಾಂಡ್ ಕಪ್ ಕೂಡ ಸೇರಿತು. 1957ರಲ್ಲಿ ಎರಡೂ ಕಪ್‌ಗಳು ಮತ್ತೆ ಬಂದವು. ಕಲ್ಕತ್ತೆಯ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್‌ಗಳಿಗೆ ಹಣವೂ ಇತ್ತು, ಸಾವಿರಾರು ಅಭಿಮಾನಿಗಳೂ ಇದ್ದರು. ಹೈದರಾಬಾದಿನವರಾದರೋ ಸರ್ಕಾರಿ ಸಂಬಳದ ಪೊಲೀಸ್ ಪೇದೆಗಳು. ಬೆಳಿಗ್ಗೆ ಕವಾಯತು, ಸಂಜೆ ಆಟ. ಇಂಥವರು ಅಂಥವರನ್ನು ಮಣಿಸಿದ್ದು ಹೇಗೆ ಎಂಬುದೇ ರಹೀಂ ಅವರ ಬದುಕಿನ ತಿರುಳು.

ಆ ಕಾಲದ ಭಾರತೀಯ ಆಟಗಾರನ ಹೆಮ್ಮೆ ಇದ್ದುದು ಡ್ರಿಬ್ಲಿಂಗ್‌ನಲ್ಲಿ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಇಬ್ಬರು ಮೂವರನ್ನು ಏಮಾರಿಸಿ ಮುನ್ನುಗ್ಗಿದರೆ ಪ್ರೇಕ್ಷಕರು ಕುಣಿಯುತ್ತಿದ್ದರು. ಗೋಲು ಬಾರದಿದ್ದರೂ ಆಟಗಾರನಿಗೆ ಹೆಸರು ಬರುತ್ತಿತ್ತು. ರಹೀಂ ಇದನ್ನು ಒಪ್ಪಲಿಲ್ಲ. ಭಾರತೀಯರ ಮೈಕಟ್ಟು ಚಿಕ್ಕದು. ಯುರೋಪಿಯನ್ನರ ಎದೆಗೆ ಎದೆ ಕೊಟ್ಟು ಗೆಲ್ಲಲಾಗದು. ಆದರೆ ಆಟಗಾರನಿಗಿಂತ ಚೆಂಡು ಬೇಗ ಓಡುತ್ತದೆ. ಆದ್ದರಿಂದ ಬಂದ ಚೆಂಡನ್ನು ಒಂದೇ ಸ್ಪರ್ಶದಲ್ಲಿ, ನೆಲಕ್ಕೆ ತಾಗಿದಂತೆ, ಜೊತೆಗಾರನಿಗೆ ತಲುಪಿಸಿ ತಾನು ಖಾಲಿ ಜಾಗಕ್ಕೆ ಓಡಬೇಕು. ಹೇಳಲು ಸುಲಭವಾದ ಈ ಪಾಠವನ್ನು ರೂಢಿಗೆ ತರಲು ಅವರು ಹೂಡಿದ ಉಪಾಯಗಳು ಅಪ್ಪಟ ಮೇಷ್ಟ್ರ ಉಪಾಯಗಳು. ಡ್ರಿಬ್ಲಿಂಗ್ ನಿಷಿದ್ಧವಾದ ಪಂದ್ಯಾವಳಿಗಳನ್ನೇ ಏರ್ಪಡಿಸಿದರು. ಬಲಗಾಲಿನವರು ಎಡಗಾಲಿನಿಂದ, ಎಡಗಾಲಿನವರು ಬಲಗಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕೆಂಬ ಕಟ್ಟಳೆಯ ಪಂದ್ಯಗಳನ್ನೂ ಆಡಿಸಿದರು. ಎರಡೂ ಕಾಲು ಬಾರದವನು ಅರ್ಧ ಆಟಗಾರ ಎಂಬುದು ಅವರ ನಿಲುವು. ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವ ಹಾಗೆ ಬೆಳೆದ ಪೊಲೀಸರ ಕಾಲನ್ನು ತಿದ್ದಿಸುತ್ತಿದ್ದರು ಎಂದರೆ ತಪ್ಪಾಗದು.

ಪ್ರತಿಭೆ ಎಲ್ಲಿದ್ದರೂ ಅದನ್ನು ಹುಡುಕಿ ತರುವ ಕಣ್ಣೂ ಅವರಿಗಿತ್ತು. ಸಿಕಂದರಾಬಾದಿನ ಅಮ್ಮುಗುಡದ ಬಡ ಕುಟುಂಬದ ಹುಡುಗ ತುಳಸೀದಾಸ್ ಬಲರಾಮ್ ಅವರ ಕಣ್ಣಿಗೆ ಬಿದ್ದ. ದೂರದ ಮೈದಾನಕ್ಕೆ ಬರಲು ಆ ಹುಡುಗನಲ್ಲಿ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿಗೆಂದು ರಹೀಂ ದಿನಕ್ಕೊಂದು ರೂಪಾಯಿ ಕೊಟ್ಟು ಅಭ್ಯಾಸಕ್ಕೆ ಕರೆಸಿಕೊಂಡರು. ಅದೇ ಬಲರಾಮ್ ಮುಂದೆ ಎರಡು ಒಲಿಂಪಿಕ್ಸ್‌ಗೆ ಹೋದರು, ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ ಅವರೊಂದಿಗೆ ದೇಶ ಕಂಡ ಶ್ರೇಷ್ಠ ಮುನ್ಪಡೆಯ ತ್ರಿಮೂರ್ತಿಗಳಲ್ಲಿ ಒಬ್ಬರಾದರು.

ರಾಷ್ಟ್ರೀಯ ತಂಡದ ಹೊಣೆಯೂ ಆ ಹೊತ್ತಿಗೇ ರಹೀಂ ಅವರಿಗೆ ಬಂದಿತ್ತು. 1951ರಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಇಂಡೊನೇಷ್ಯ, ಅಫ್ಘಾನಿಸ್ತಾನ ತಂಡಗಳನ್ನು 3-0 ಅಂತರದಿಂದ ಸೋಲಿಸಿದ ಭಾರತ, ಫೈನಲ್‌ನಲ್ಲಿ ಮೇವಾಲಾಲ್ ಅವರ ಏಕೈಕ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನ ಗೆದ್ದಿತು. ನಾಯಕ ಶೈಲೇನ್ ಮನ್ನಾ. ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಅವರ ಚೆಂಡಿನ ಹಿಡಿತವನ್ನು ಕಂಡವರು ಕೊನೆಯವರೆಗೂ ಮರೆಯಲಿಲ್ಲ.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿ ಆದದ್ದು ಪೆಟ್ಟು. ಫಿನ್ಲೆಂಡಿನ ಚಳಿಯಲ್ಲಿ ಬಹುತೇಕ ಬರಿಗಾಲಿನಲ್ಲಿ ಆಡಿದ ಭಾರತ ಯುಗೊಸ್ಲಾವಿಯದ ಎದುರು 10-1 ಗೋಲುಗಳಿಂದ ಸೋತಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಸ್ವತಂತ್ರ ಭಾರತ 1948ರಲ್ಲಿ ಗಳಿಸಿದ ಮೊದಲ ಒಲಿಂಪಿಕ್ ಗೋಲು ಕೂಡ ಮೈಸೂರು ತಂಡದ ಸಾರಂಗಪಾಣಿ ರಾಮನ್ ಅವರದೇ ಎಂಬುದನ್ನು ಕನ್ನಡಿಗರು ಇಲ್ಲಿ ನೆನೆಯಬಹುದು. ಸೋಲು ಎಷ್ಟೇ ಕಹಿಯಾದರೂ ರಹೀಂ ಅಲ್ಲಿಂದ ಬರಿಗೈಯಲ್ಲಿ ಬರಲಿಲ್ಲ. ಆ ಕೂಟದಲ್ಲಿ ಚಿನ್ನ ಗೆದ್ದದ್ದು ಹಂಗೇರಿ. ಅವರ ಸೆಂಟರ್ ಫಾರ್ವರ್ಡ್ ಎಲ್ಲರಿಗಿಂತ ಮುಂದೆ ನಿಲ್ಲುವ ಬದಲು ಹಿಂದೆ ಸರಿದು ಆಡುತ್ತಿದ್ದ. ಅವನ ಕಾವಲಿಗೆ ನಿಂತ ಎದುರಾಳಿ ತನ್ನ ಜಾಗ ಬಿಟ್ಟು ಹೊರಬರಬೇಕಾಗುತ್ತಿತ್ತು. ತೆರವಾದ ಆ ಜಾಗಕ್ಕೆ ಉಳಿದವರು ನುಗ್ಗುತ್ತಿದ್ದರು. ರಹೀಂ ಈ ತಂತ್ರವನ್ನು ಮನಸ್ಸಿಗೆ ಹಾಕಿಕೊಂಡು ತಮ್ಮ ತಂಡಗಳಲ್ಲಿ ಪ್ರಯೋಗಿಸಿದರು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟುಗಳನ್ನು ಕಡ್ಡಾಯಗೊಳಿಸಿದ್ದೂ ಈ ಸೋಲಿನ ತರುವಾಯವೇ. ಹುಟ್ಟಿದಂದಿನಿಂದ ಬರಿಗಾಲಿನಲ್ಲಿ ಆಡಿದವರಿಗೆ ಬೂಟು ತೊಡಿಸಿ ಚೆಂಡಿನ ಸ್ಪರ್ಶವನ್ನು ಹೊಸದಾಗಿ ಕಲಿಸುವುದು ಸಣ್ಣ ಕೆಲಸವಲ್ಲ.

ನಾಲ್ಕು ವರ್ಷಗಳ ಆ ಅಭ್ಯಾಸದ ಫಲ ಕಂಡದ್ದು ಮೆಲ್ಬರ್ನ್‌ನಲ್ಲಿ. ಮೊದಲ ಸುತ್ತಿನ ಎದುರಾಳಿ ಹಂಗೇರಿ ಕೂಟಕ್ಕೆ ಬಾರದ ಕಾರಣ ಭಾರತ ನೇರವಾಗಿ ಕ್ವಾರ್ಟರ್ ಫೈನಲ್‌ಗೆ ಹೋಯಿತು. ನಾಯಕ ಸಮರ್ ಬ್ಯಾನರ್ಜಿ ಹಿಂದೆ ಸರಿದು ಆಡಿದರು. ಮುಂದೆ ಮುಂಬಯಿಯ ನೆವಿಲ್ ಡಿಸೋಜ ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಗಳಿಸಿದ ಮೊದಲ ಏಷ್ಯನ್ ಅವರು. ಸೆಮಿಫೈನಲ್‌ನಲ್ಲಿ ಮತ್ತದೇ ಯುಗೊಸ್ಲಾವಿಯ. ನೆವಿಲ್ ಮೊದಲ ಗೋಲು ಹೊಡೆದಾಗ ಕ್ರೀಡಾಂಗಣ ಬೆರಗಾಯಿತು. ಬಳಿಕ ಭಾರತ 4-1ರಿಂದ ಸೋತಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯ 3-0 ಗೋಲುಗಳಿಂದ ಗೆದ್ದಿತು. ಭಾರತಕ್ಕೆ ನಾಲ್ಕನೆಯ ಸ್ಥಾನ. ತಂಡದಲ್ಲಿ ಹೈದರಾಬಾದಿನವರು ಹಲವರಿದ್ದರು. ಮೈಸೂರು ರಾಜ್ಯದ ಕೆಂಪಯ್ಯ ಕೂಡ ಇದ್ದರು. ರಾಯಚೂರು ಜಿಲ್ಲೆಯ ಕಾಲ್ಚೆಂಡು ಪ್ರೇಮಿಯೊಬ್ಬ ಆ ದಿನಗಳಲ್ಲಿ ಪತ್ರಿಕೆ ತೆರೆದಿದ್ದರೆ, ಹಿಂದಿನ ತಿಂಗಳವರೆಗಿನ ತನ್ನ ರಾಜ್ಯದವರು ಯಾರು, ಈ ತಿಂಗಳಿನಿಂದ ತನ್ನ ರಾಜ್ಯದವರು ಯಾರು ಎಂದು ಬೇರ್ಪಡಿಸುವುದಕ್ಕೇ ಒದ್ದಾಡಬೇಕಿತ್ತು.

ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ನಿಲ್ಲುವ 4-2-4 ವಿನ್ಯಾಸ ಲೋಕವಿಖ್ಯಾತವಾದದ್ದು 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಗೆದ್ದಾಗ. ರಹೀಂ ಅದಕ್ಕೆ ತೀರ ಹತ್ತಿರದ ವ್ಯವಸ್ಥೆಯನ್ನು ಮೆಲ್ಬರ್ನ್‌ನಲ್ಲೇ ಹೂಡಿದ್ದರು. ವಿದೇಶಿ ಗುರುಗಳಿಲ್ಲದೆ, ದೂರದರ್ಶನವಿಲ್ಲದ ಕಾಲದಲ್ಲಿ, ಕಂಡಷ್ಟನ್ನು ನೆನಪಿನಲ್ಲಿಟ್ಟು ಓದಿದಷ್ಟನ್ನು ಮೈದಾನಕ್ಕಿಳಿಸಿ ಅವರು ಇದನ್ನು ಸಾಧಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಪ್ರಬಲ ಹಂಗೇರಿಗೆ 2-1ರಿಂದ ಮಾತ್ರ ಸೋತಿತು, ಫ್ರಾನ್ಸ್ ಜೊತೆ 1-1ರಲ್ಲಿ ಸಮ ಮಾಡಿಕೊಂಡಿತು, ಪೆರುವಿಗೆ 3-1ರಿಂದ ಮಣಿಯಿತು. ಗುಂಪಿನಿಂದ ಮೇಲೇರಲಿಲ್ಲ. ಆದರೆ ಹೆಲ್ಸಿಂಕಿಯಲ್ಲಿ ಹತ್ತು ಗೋಲು ತಿಂದ ತಂಡ ಇದೇ ಎಂದು ಯಾರೂ ಹೇಳುವಂತಿರಲಿಲ್ಲ.

1962ರಲ್ಲಿ ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೆ ತಂಡವನ್ನು ಕರೆದೊಯ್ದಾಗ ರಹೀಂ ಅವರ ಆರೋಗ್ಯ ಆಗಲೇ ಕುಸಿದಿತ್ತು. ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಒಳಗಿನಿಂದ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಎದುರು 2-0 ಸೋಲು. ಥಾಯ್ಲೆಂಡ್ ವಿರುದ್ಧ 4-1ರ ಗೆಲುವು ಸಿಕ್ಕಿತಾದರೂ ಹಿಂಪಡೆಯ ಕಂಬದಂತಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು 2-0ರಿಂದ ಸೋಲಿಸಿ ಭಾರತ ಸೆಮಿಫೈನಲ್ ಸೇರಿತು. ಅಲ್ಲಿ ರಹೀಂ ಯಾರೂ ಊಹಿಸದ ಒಂದು ನಿರ್ಧಾರ ಕೈಗೊಂಡರು. ಗಾಯಗೊಂಡ ಜರ್ನೈಲ್‌ರನ್ನು ಹೊರಗೆ ಕೂರಿಸುವ ಬದಲು ಹಿಂಪಡೆಯಿಂದ ಎತ್ತಿ ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ನಿಲ್ಲಿಸಿದರು. ಕಾಲೇಜು ದಿನಗಳಲ್ಲಿ ಜರ್ನೈಲ್ ಆ ಸ್ಥಾನದಲ್ಲಿ ಆಡಿದ್ದುದು ಮೇಷ್ಟ್ರಿಗೆ ಗೊತ್ತಿತ್ತು. ದಕ್ಷಿಣ ವಿಯೆಟ್ನಾಂ ವಿರುದ್ಧ 3-2ರಿಂದ ಗೆದ್ದ ಆ ಪಂದ್ಯದಲ್ಲಿ ಎರಡು ಗೋಲು ಚುನಿ ಗೋಸ್ವಾಮಿ ಅವರದು, ಒಂದು ಜರ್ನೈಲ್ ಅವರದು.

ಅಷ್ಟರಲ್ಲಿ ಹೊರಗಿನ ಪರಿಸ್ಥಿತಿ ಹದಗೆಟ್ಟಿತ್ತು. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯ ವೀಸಾ ನೀಡಿರಲಿಲ್ಲ. ಇದು ಏಷ್ಯನ್ ಕ್ರೀಡಾಕೂಟವೆಂಬ ಹೆಸರಿಗೆ ತಕ್ಕುದಲ್ಲವೆಂದು ಭಾರತದ ಕ್ರೀಡಾಧಿಕಾರಿ ಗುರುದತ್ತ ಸೋಂಧಿ ಆಕ್ಷೇಪಿಸಿದರು. ಜಕಾರ್ತದ ಜನ ರೊಚ್ಚಿಗೆದ್ದು ಭಾರತದ ರಾಯಭಾರ ಕಚೇರಿಯ ಮೇಲೆಯೇ ದಾಳಿ ಮಾಡಿದರು. ಮರುದಿನ, ಸೆಪ್ಟೆಂಬರ್ 4ರಂದು, ಫೈನಲ್. ಲಕ್ಷದಷ್ಟು ಪ್ರೇಕ್ಷಕರು ಭಾರತದ ವಿರುದ್ಧ ಅರಚುತ್ತಿದ್ದರು. ರಾಷ್ಟ್ರಗೀತೆ ಆ ಗದ್ದಲದಲ್ಲಿ ಮುಳುಗಿತು. ಭಾರತಕ್ಕಾಗಿ ಚಪ್ಪಾಳೆ ತಟ್ಟಿದವರೆಂದರೆ ಪಾಕಿಸ್ತಾನದ ಹಾಕಿ ಆಟಗಾರರು. ಆ ಕೂಟದ ಬಗ್ಗೆ ಎಷ್ಟೇ ಬರೆದರೂ ಈ ಒಂದು ಸಂಗತಿಯನ್ನು ಬಿಡುವಂತಿಲ್ಲ. ಹಿಂದಿನ ರಾತ್ರಿ ರಹೀಂ ಆಟಗಾರರನ್ನು ಒಟ್ಟುಗೂಡಿಸಿ ತಮಗೊಂದು ಕಾಣಿಕೆ ಬೇಕೆಂದು ಕೇಳಿಕೊಂಡರು, ಆ ಕಾಣಿಕೆ ಚಿನ್ನದ ಪದಕ ಎಂಬುದನ್ನು ತಂಡದವರು ಮುಂದೆ ಮತ್ತೆ ಮತ್ತೆ ಸ್ಮರಿಸಿದರು. ಜ್ವರದಿಂದ ಚೇತರಿಸಿಕೊಂಡ ಗೋಲ್‌ಕೀಪರ್ ಪೀಟರ್ ತಂಗರಾಜ್ ಕಣಕ್ಕೆ ಮರಳಿದರು. 17ನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, 20ನೆಯ ನಿಮಿಷದಲ್ಲಿ ತಲೆಗೆ ಪಟ್ಟಿ ಸುತ್ತಿಕೊಂಡಿದ್ದ ಜರ್ನೈಲ್ ಸಿಂಗ್ ಗೋಲು ಗಳಿಸಿದರು. ಕೊರಿಯ ಕೊನೆಗಳಿಗೆಯಲ್ಲಿ ಒಂದನ್ನು ತೀರಿಸಿತು. 2-1. ಎರಡನೆಯ ಬಾರಿಗೆ ಏಷ್ಯಾದ ಚಿನ್ನ ಭಾರತಕ್ಕೆ ಬಂತು.

ಅದೇ ರಹೀಂ ಅವರ ಕಡೆಯ ದೊಡ್ಡ ಪಂದ್ಯ. ಒಂಬತ್ತು ತಿಂಗಳು ಕಳೆದು ಕೆಲವೇ ದಿನಗಳಲ್ಲಿ, 1963ರ ಜೂನ್ 11ರಂದು, 53ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತರಬೇತುದಾರರಿಗೆ ಸಲ್ಲುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾಗಲು ಇನ್ನೂ 22 ವರ್ಷ ಬೇಕಿತ್ತು. ಫುಟ್‌ಬಾಲಿಗೆ ಅದು ಮೊದಲು ಸಂದದ್ದು 1990ರಲ್ಲಿ, ಹೈದರಾಬಾದಿನವರೇ ಆದ ಸೈಯದ್ ನಯೀಮುದ್ದೀನ್ ಅವರಿಗೆ. ಬರಿಯ ದೇವಾನಾಂಪ್ರಿಯನಾಗಿದ್ದ ಅರಸ ಅಶೋಕನೇ ಎಂದು ತಿಳಿಯಲು ಮಸ್ಕಿಯ ಬಂಡೆ 1915ರಲ್ಲಿ ಬೆಳಕಿಗೆ ಬರಬೇಕಾಯಿತು. ರಹೀಂ ಅವರ ಪಾಲಿಗೆ ಅಂಥ ಬಂಡೆಯೂ ಇರಲಿಲ್ಲ. ಇದ್ದದ್ದು ಶಿಷ್ಯರ ನೆನಪು ಮಾತ್ರ.

ಅವರ ಬಳಿಕ ಆ ಪಾಠಕ್ರಮ ಮುಂದುವರಿಯಲಿಲ್ಲ ಎಂಬುದು ಹೆಚ್ಚು ನೋವಿನ ಸಂಗತಿ. ಭಾರತ 1964ರ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ, 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗಳಿಸಿತು. ಚಿನ್ನ ಮತ್ತೆ ಬರಲಿಲ್ಲ. 1960ರ ನಂತರ ಒಲಿಂಪಿಕ್ಸ್‌ನ ಫುಟ್‌ಬಾಲ್ ಕಣಕ್ಕೆ ಭಾರತ ಕಾಲಿಟ್ಟಿಲ್ಲ. ಹೈದರಾಬಾದಿನ ಮೈದಾನಗಳೂ ಕ್ರಮೇಣ ಕ್ರಿಕೆಟ್ಟಿಗೆ ಒಲಿದವು. ಒಬ್ಬ ಮೇಷ್ಟ್ರು ಬಲ್ಲ ವಿದ್ಯೆಯನ್ನು ಬರೆದಿಡುವ, ಕಲಿಸುವ, ಮುಂದಿನವರಿಗೆ ದಾಟಿಸುವ ಶಾಲೆಯೊಂದನ್ನು ದೇಶ ಆಗ ಕಟ್ಟಬೇಕಿತ್ತು, ಕಟ್ಟಲಿಲ್ಲ. ಕರ್ನಾಟಕದ ಕಥೆಯೂ ಬೇರೆಯಲ್ಲ. 1946-47 ಮತ್ತು 1952-53ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು, 1968-69ರಲ್ಲಿ ಕೊನೆಯ ಬಾರಿ ಗೆದ್ದ ಮೇಲೆ 2023ರವರೆಗೆ 54 ವರ್ಷ ಕಾಯಬೇಕಾಯಿತು.

ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ತಂದೆಯ ದಾರಿಯನ್ನೇ ಹಿಡಿದವರು. ರೋಮ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿದ್ದರು, ವಾಯುಪಡೆಯಲ್ಲಿ ಅಧಿಕಾರಿಯಾದರು, ಅಂತರರಾಷ್ಟ್ರೀಯ ರೆಫರಿಯಾದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. ಅವರು ಕೊನೆಯುಸಿರೆಳೆದದ್ದು ಹಳೆಯ ಹೈದರಾಬಾದ್ ರಾಜ್ಯದ ಮತ್ತೊಂದು ಕನ್ನಡ ನಗರವಾದ ಕಲಬುರಗಿಯ ಆಸ್ಪತ್ರೆಯಲ್ಲಿ, 2021ರ ಆಗಸ್ಟ್ 22ರಂದು, 82ನೆಯ ವಯಸ್ಸಿನಲ್ಲಿ. ತಂದೆಯ ಬದುಕನ್ನು ಕುರಿತ ಹಿಂದಿ ಚಲನಚಿತ್ರ 'ಮೈದಾನ್' ತೆರೆಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ.